ಹಳೆ ಬೇಸ್ ಗಿಟಾರಿನ ದನಿಯನ್ನೇ ಹೊಸದರಲ್ಲಿ ತರಬಹುದೇ?

ಓದುಗರ ಪ್ರಶ್ನೆ: ನನ್ನ ಹತ್ತಿರ ಒಂದು ಹಳೆಯ ಬೇಸ್ ಗಿಟಾರ್ ಇದೆ. ಅದರ ದನಿ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಕಾರ್ಯಕ್ರಮಗಳಿಗೆ ಒಯ್ಯಲು ಮನಸ್ಸು ಒಪ್ಪುವುದಿಲ್ಲ, ಕಳುವಾದರೆ, ಕೆಳಗೆ ಬಿದ್ದರೆ ಎಂಬ ಭಯ. ಅದೇ ಜಾತಿಯ ಮರದಲ್ಲಿ ಇನ್ನೊಂದನ್ನು ಮಾಡಿಸಿದರೆ ಅದೇ ದನಿ ಬರುತ್ತದೆಯೇ?

ನಿಮ್ಮ ಭಯಕ್ಕೆ ಕಾರಣವಿದೆ. ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದ 1962ರ ಫೆಂಡರ್ ಪ್ರಿಸಿಷನ್ ಬೇಸ್, 1983ರಲ್ಲಿ ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಕಳುವಾಯಿತು. ಇನ್ನೊಬ್ಬ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಅವರ, ಫ್ರೆಟ್ (ಬೆರಳೊತ್ತುವ ಕಡೆಯ ಲೋಹದ ಅಡ್ಡಪಟ್ಟಿ) ಕಿತ್ತ ಫೆಂಡರ್ ಜಾಝ್ ಬೇಸ್ ಕಾಣೆಯಾದದ್ದು 1986ರಲ್ಲಿ, ಪತ್ತೆಯಾದದ್ದು ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಕೊಂಡಿದ್ದ ಹಾಫ್ನರ್ ಬೇಸ್ 1972ರಲ್ಲಿ ಕಳುವಾಗಿ, ಅರ್ಧ ಶತಮಾನ ಕಳೆದ ಮೇಲೆ ಮತ್ತೆ ಅವರ ಕೈ ಸೇರಿತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ತರಬಹುದು. ವಾದ್ಯವೃಂದದ ನಡುವೆ ಕೇಳಿದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಗೊತ್ತಾಗದಷ್ಟು ಹತ್ತಿರ ತರಬಹುದು. ಆದರೆ ಮರದಿಂದ ಶುರು ಮಾಡಿದರೆ ಆಗುವುದಿಲ್ಲ. ದನಿ ಹುಟ್ಟುವ ಜಾಗದಿಂದ ಅಳೆಯುತ್ತ ಬರಬೇಕು. ಮೊದಲು ತಂತಿ, ಆಮೇಲೆ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಕೂತಿರುವ ಜಾಗ, ಆಮೇಲೆ ಪಿಕಪ್‌ನ ಸುರುಳಿ, ಆಮೇಲೆ ನೆಕ್ (ಫ್ರೆಟ್‌ಗಳಿರುವ ಉದ್ದನೆಯ ಕತ್ತು). ಬಾಡಿಯ ಮರದ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ.

ಏಕೆಂದರೆ ಪಿಕಪ್‌ಗೆ ಕೇಳಿಸುವುದು ತಂತಿ ಮಾತ್ರ. ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಕದಲುತ್ತದೆ, ಸುತ್ತಲಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮರ ತಂತಿಯ ಅಲುಗಾಟವನ್ನು ಎಷ್ಟು ಬದಲಿಸುತ್ತದೋ ಅಷ್ಟು ಮಾತ್ರ ಆಂಪ್‌ನಲ್ಲಿ (ಆಂಪ್ಲಿಫೈಯರ್‌ನಲ್ಲಿ) ಕೇಳಿಸೀತು. (ಹಾಫ್ನರ್‌ನಂಥ ಪೊಳ್ಳು ಬಾಡಿಯ ವಾದ್ಯವಾದರೆ ಲೆಕ್ಕ ಬೇರೆ. ನಿಮ್ಮದು ಗಟ್ಟಿ ಮರದ್ದು ಎಂದುಕೊಂಡು ಬರೆಯುತ್ತಿದ್ದೇನೆ.)

ಕೆಲಸ ಕೊಡುವ ಮುಂಚೆ ಹಳೆಯದರ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಂಪ್ ಬೇಡ, ಕೇಬಲ್ ನೇರವಾಗಿ, ಕಂಪ್ಯೂಟರಿಗೆ ದನಿ ಕಳಿಸುವ ರೆಕಾರ್ಡಿಂಗ್ ಇಂಟರ್‌ಫೇಸ್‌ಗೆ ಹೋಗಲಿ. ವಾಲ್ಯೂಮ್, ಟೋನ್ ಎರಡೂ ಪೂರ್ತಿ ತೆರೆದಿರಲಿ. ನಾಲ್ಕೂ ತಂತಿಗಳಲ್ಲಿ ಫ್ರೆಟ್ ಫ್ರೆಟ್ಟಿಗೂ ಒಂದೊಂದು ಸ್ವರ ಮೀಟಿ, ಅದು ಪೂರ್ತಿ ಆರುವ ತನಕ ಬಿಡಿ. ಬೆರಳು ಎಲ್ಲಿ ಮೀಟಿತು ಎಂಬುದಕ್ಕೆ ಕಾಗದದ ಟೇಪಿನಿಂದ ಗುರುತು ಮಾಡಿ, ಯಾವ ಕೇಬಲ್ ಎಂದೂ ಬರೆದಿಡಿ. ತಾಳ್ಮೆ ಬೇಡುವ ಕೆಲಸ, ನಿಜ. ಆದರೆ ನೆನಪಿನ ದನಿಗೆ ಹೋಲಿಸಲು ಹೋದವರು ಕೊನೆಗೆ ಯಾವುದಕ್ಕೂ ಸಮಾಧಾನಪಡದೆ ಉಳಿಯುತ್ತಾರೆ.

ತಂತಿಯ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಗೆಳೆಯನೊಬ್ಬನ ಹಳೆ ಪ್ರಿಸಿಷನ್ ಬೇಸಿಗೆ ಜೋಡಿ ಮಾಡಿಸುವಾಗ ಅಳತೆಯ ಹೊಣೆ ನನ್ನದಾಗಿತ್ತು. ತಂತಿಗಳ ಕೆಳತುದಿಯನ್ನು ಹಿಡಿದಿರುವ ಬ್ರಿಡ್ಜಿನ ಮೇಲಿನ ಲೋಹದ ಮುಚ್ಚಳ ಬಿಚ್ಚಿದೆ. ಅದರ ಒಳಬದಿಗೆ ಅಂಟಿಕೊಂಡಿದ್ದ ಫೋಮಿನ ತುಂಡು ಒಣಗಿ ರೊಟ್ಟಿಯಂತೆ ಗಡುಸಾಗಿತ್ತು. ಒರೆಸಿ ಪಕ್ಕಕ್ಕಿಟ್ಟು ಅಳತೆ ಮುಂದುವರಿಸಿದೆ. ಹೊಸ ಬೇಸ್ ತಯಾರಾಗಿ ಬಂದಾಗ ದನಿ ಬಲು ಉದ್ದ, ಬಲು ಹೊಳಪು. ಹಳೆಯದರಲ್ಲಿ ಸ್ವರ ದಪ್‌ ಎಂದು ಕೂತು ಹಿಂದಕ್ಕೆ ಸರಿಯುತ್ತಿತ್ತು, ಇದರಲ್ಲಿ ಗುಂಯ್‌ ಎನ್ನುತ್ತಲೇ ಇರುತ್ತಿತ್ತು. ಪಿಕಪ್ ಬದಲಿಸುವ ಮಾತೂ ಬಂತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಆ ಫೋಮ್ ನೆನಪಾಯಿತು. ಬ್ರಿಡ್ಜಿನ ಪಕ್ಕ, ತಂತಿಗಳ ಅಡಿಗೆ ಅಷ್ಟೇ ದಪ್ಪದ ತುಂಡು ತೂರಿಸಿದೆವು. ಗೆಳೆಯ ಒಂದು ಸಾಲು ನುಡಿಸಿ ನಿಲ್ಲಿಸಿ ನನ್ನ ಮುಖ ನೋಡಿದ.

ಫೋಮ್ ಆಕಸ್ಮಿಕವಾಗಿ ಸೇರಿಕೊಂಡದ್ದಲ್ಲ, ಆ ಕಾಲದಲ್ಲಿ ಕಾರ್ಖಾನೆಯಲ್ಲೇ ಹಾಕಿ ಕಳಿಸುತ್ತಿದ್ದರು. ಜೇಮರ್ಸನ್ ದನಿಯಲ್ಲೂ ಅದರ ಪಾಲಿದೆ. ಜೊತೆಗೆ ಅವರದು ಚಪ್ಪಟೆ ಸುತ್ತಿನ ದಪ್ಪ ತಂತಿ, ಬದಲಿಸುತ್ತಿದ್ದುದೇ ಅಪರೂಪ. ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ಪಾಸ್ಟೋರಿಯಸ್ ಹಿಡಿದದ್ದು ಇದಕ್ಕೆ ಪೂರ್ತಿ ಎದುರಿನ ದಾರಿ. ಹೊಳಪಿನ ದುಂಡು ಸುತ್ತಿನ ತಂತಿ, ಅದು ಮರವನ್ನು ಸವೆಸದಂತೆ ಫಿಂಗರ್‌ಬೋರ್ಡಿನ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿಯ ಪದರ. ಈ ಎರಡು ದನಿಗಳ ನಡುವಿನ ಅಂತರವನ್ನು ಯಾವ ಮರವೂ ತರಲಾರದು. ಹಾಗಾಗಿ ನಿಮ್ಮ ಹಳೆಯದರ ಮೇಲಿರುವ ತಂತಿಯ ಬಗೆ, ದಪ್ಪ, ಎಷ್ಟು ಕಾಲದಿಂದ ಇದೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಹೊಸದಕ್ಕೆ ಹೊಸ ತಂತಿ ಹಾಕಿ, ವರ್ಷಗಟ್ಟಲೆ ನುಡಿಸಿದ ತಂತಿಯ ಜೊತೆ ಹೋಲಿಸುವುದು ನ್ಯಾಯವಲ್ಲ. ಎರಡಕ್ಕೂ ಒಂದೇ ಬಗೆಯ ಹೊಸ ಸೆಟ್ ಹಾಕಿ ಹೋಲಿಸಿ. ಹಳೆ ತಂತಿಯ ಮಬ್ಬು ದನಿಯೇ ನಿಮಗೆ ಬೇಕಿದ್ದರೆ, ಹೊಸದರ ಮೇಲೆ ಆ ಸೆಟ್ಟನ್ನು ನುಡಿಸಿ ನುಡಿಸಿ ಹಳೆಯದಾಗಿಸುವುದೊಂದೇ ದಾರಿ.

ಈಗ ಪಿಕಪ್ ಕೂತಿರುವ ಜಾಗ. ಮಾಡುವವರು ಒಂದು ಸೆಂಟಿಮೀಟರ್ ತಪ್ಪಿದರೂ ದನಿ ಕೈತಪ್ಪುವುದು ಇಲ್ಲಿಯೇ.

ಮೀಟಿದ ತಂತಿ ಒಂದೇ ಕಂಪನದಲ್ಲಿ ಆಡುವುದಿಲ್ಲ. ಇಡಿಯಾಗಿ, ಎರಡು ಪಾಲಾಗಿ, ಮೂರು ಪಾಲಾಗಿ, ಹೀಗೆ ಒಟ್ಟೊಟ್ಟಿಗೇ ಆಡುತ್ತದೆ. ಆರು ಪಾಲಾಗಿ ಆಡುವ ಕಂಪನಕ್ಕೆ ತಂತಿಯ ಆರನೇ ಒಂದು ದೂರದಲ್ಲಿ ಅಲುಗಾಟವೇ ಇರುವುದಿಲ್ಲ. ಪಿಕಪ್ಪನ್ನು ಅಲ್ಲಿಟ್ಟರೆ ಅದಕ್ಕೆ ಆ ಕಂಪನ ಕೇಳಿಸುವುದೇ ಇಲ್ಲ ಎನ್ನಬಹುದು. ಫೆಂಡರ್ ಅಳತೆಯ ಬೇಸ್‌ನಲ್ಲಿ ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು, ಅಂದರೆ 864 ಮಿ.ಮೀ. ಬ್ರಿಡ್ಜ್‌ನಿಂದ 144 ಮಿ.ಮೀ. ದೂರದಲ್ಲಿ ಪಿಕಪ್ ಇದೆ ಎಂದಿಟ್ಟುಕೊಳ್ಳಿ. ಎಲ್ಲಕ್ಕಿಂತ ದಪ್ಪದ, 41.2 ಹರ್ಟ್ಜ್‌ನ ಇ ತಂತಿಯಲ್ಲಿ 247 ಹರ್ಟ್ಜ್‌ನ ಸುತ್ತ ದನಿಯಲ್ಲಿ ಒಂದು ತಗ್ಗು ಬೀಳುತ್ತದೆ. ಯಾವ ಫ್ರೆಟ್ ಒತ್ತಿದರೂ ಆ ತಂತಿಯ ತಗ್ಗು ಅಲ್ಲೇ ಇರುತ್ತದೆ. ಎ ತಂತಿಗೆ ಅದು 330ರಲ್ಲಿ, ಡಿ ತಂತಿಗೆ 440ರಲ್ಲಿ, ಜಿ ತಂತಿಗೆ 588ರಲ್ಲಿ. ನಾಲ್ಕು ತಂತಿಗೆ ನಾಲ್ಕು ತಗ್ಗು. ಈಕ್ವಲೈಸರ್ ತಿರುಗಿಸಿ ಒಂದು ಬೇಸನ್ನು ಇನ್ನೊಂದರ ಹಾಗೆ ಮಾಡಲು ಆಗದಿರುವುದು ಇದಕ್ಕೇ. ಒಂದು ತಂತಿಗೆ ಸರಿಮಾಡಿದರೆ ಉಳಿದ ಮೂರು ಕೆಡುತ್ತವೆ. ಪಿಕಪ್ಪನ್ನು ಸರಿಯಾದ ಜಾಗದಲ್ಲಿ ಕೊರೆದು ಕೂರಿಸಿದರೆ ನಾಲ್ಕೂ ತಾವಾಗಿಯೇ ಕೂಡಿಬರುತ್ತವೆ.

1970ರ ದಶಕದಲ್ಲಿ ಫೆಂಡರ್‌ನವರು ಜಾಝ್ ಬೇಸಿನ ಹಿಂದಿನ ಪಿಕಪ್ಪನ್ನು ಸುಮಾರು 10 ಮಿ.ಮೀ.ನಷ್ಟು ಬ್ರಿಡ್ಜ್ ಕಡೆಗೆ ಸರಿಸಿದರು. ಅಷ್ಟಕ್ಕೇ ದನಿ ಬಿಗಿಯಾಗಿ, ಮೂಗಿನಿಂದ ಬಂದಂತಾಯಿತು. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ನುಡಿಸುವ 1977ರ ಬೇಸ್ ಈ ಬಗೆಯದು. ಬರೀ ‘ಜಾಝ್ ಬೇಸಿನ ಹಾಗೆ ಮಾಡಿಕೊಡಿ’ ಎಂದು ಹೇಳಿ ಬಂದರೆ, ಅರವತ್ತರ ದಶಕದ್ದೋ ಎಪ್ಪತ್ತರದ್ದೋ ಎಂಬುದು ಮಾಡುವವರ ಊಹೆಗೆ ಬಿಟ್ಟಂತೆ. ಬ್ರಿಡ್ಜ್‌ಗೆ ಹತ್ತಿರವಾದಷ್ಟೂ ಒಂದೊಂದು ಮಿಲಿಮೀಟರ್‌ಗೂ ಬೆಲೆ ಹೆಚ್ಚು.

ಅಳೆಯುವಾಗ ಒಂದು ಎಚ್ಚರ ಬೇಕು. ಶ್ರುತಿ ಹೊಂದಿಸಲು ಬ್ರಿಡ್ಜಿನ ಸ್ಯಾಡಲ್‌ಗಳನ್ನು (ತಂತಿ ಕೂರುವ ಪುಟ್ಟ ತುಂಡುಗಳನ್ನು) ಒಂದೊಂದನ್ನೂ ಹಿಂದೆ ಮುಂದೆ ಸರಿಸಿರುತ್ತಾರೆ. ಅಲ್ಲಿಂದ ಅಳೆದರೆ ನಾಲ್ಕು ತಂತಿಗೆ ನಾಲ್ಕು ಅಳತೆ ಬರುತ್ತದೆ. ನಟ್‌ನಿಂದ ಹನ್ನೆರಡನೇ ಫ್ರೆಟ್‌ವರೆಗೆ ಉಕ್ಕಿನ ಸ್ಕೇಲಿಟ್ಟು ಅಳೆದು, ಅದನ್ನು ಇಮ್ಮಡಿ ಮಾಡಿದರೆ ತಂತಿಯ ನಿಜವಾದ ಉದ್ದ. ಪಿಕಪ್‌ನ ಜಾಗವನ್ನೂ ಹನ್ನೆರಡನೇ ಫ್ರೆಟ್‌ನಿಂದಲೇ, ಪಿಕಪ್‌ನ ಲೋಹದ ಗುಂಡಿಗಳ ನಡುಗೆರೆಯವರೆಗೆ ಅಳೆಯಿರಿ. ಪ್ರಿಸಿಷನ್ ಬೇಸಿನ 1957ರ ನಂತರದ ಪಿಕಪ್ ಎರಡು ತುಂಡಾಗಿರುವುದರಿಂದ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಕೊನೆಯ ಫ್ರೆಟ್ ಒತ್ತಿ ಹಿಡಿದು ತಂತಿಗೂ ಪಿಕಪ್‌ಗೂ ನಡುವಿನ ಎತ್ತರ ಎಷ್ಟು ಎಂಬುದನ್ನೂ ಬರೆದುಕೊಳ್ಳಿ. ತೀರ ಹತ್ತಿರ ಇಟ್ಟರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ಅಳ್ಳಾಡುತ್ತದೆ.

ಪಿಕಪ್ ಮಾಡಿಸುವಾಗ ಜನ ಹಿಡಿದುಕೊಳ್ಳುವುದು ಓಮ್ ಲೆಕ್ಕ, ಅಂದರೆ ಸುರುಳಿಯ ವಿದ್ಯುತ್ ರೋಧ, ಒಂದನ್ನೇ. ಅದು ಸಾಲದು. ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.4ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 10.5 ಕಿಲೋಓಮ್ ತೋರಿಸಿದ ಪಿಕಪ್ 30 ಡಿಗ್ರಿಯಲ್ಲಿ 10.9 ತೋರಿಸುತ್ತದೆ, ದನಿಯೇನೂ ಬದಲಾಗಿರುವುದಿಲ್ಲ. ಸುತ್ತುವವರಿಗೆ ನಿಜವಾಗಿ ಬೇಕಾದದ್ದು ಅಯಸ್ಕಾಂತದ ಬಗೆ, ತಾಮ್ರದ ಎಳೆಯ ದಪ್ಪ ಮತ್ತು ಇಂಡಕ್ಟನ್ಸ್ (ವಿದ್ಯುತ್ ಪ್ರವಾಹದ ಬದಲಾವಣೆಯನ್ನು ಸುರುಳಿ ತಡೆಯುವ ಗುಣ). ಈ ಇಂಡಕ್ಟನ್ಸ್ ಕೇಬಲ್ಲಿನ ಕೆಪಾಸಿಟನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಜೊತೆ ಸೇರಿ ಒಂದು ಕಂಪನಾಂಕದಲ್ಲಿ ದನಿಯನ್ನು ಎತ್ತಿ ಹಿಡಿಯುತ್ತದೆ. ಪಿಕಪ್ 4 ಹೆನ್ರಿಯದಾಗಿ, ಕೇಬಲ್ 600 ಪಿಕೋಫ್ಯಾರಡ್‌ನದಾದರೆ ಆ ಎತ್ತರ ಬೀಳುವುದು ಹೆಚ್ಚುಕಡಿಮೆ 3,250 ಹರ್ಟ್ಜ್‌ನಲ್ಲಿ. ಅರ್ಧ ಉದ್ದದ ಕೇಬಲ್ ಹಾಕಿ, ಅದು 4,600ಕ್ಕೆ ಏರುತ್ತದೆ. ಕೇಬಲ್ ಯಾವುದೆಂದು ಬರೆದಿಡಿ ಎಂದದ್ದು ಇದಕ್ಕಾಗಿಯೇ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಂತೆ ಒಳಗೇ ಬ್ಯಾಟರಿ, ಪ್ರೀಆಂಪ್ (ಪಿಕಪ್‌ನ ವಿದ್ಯುತ್ತನ್ನು ಬಲಪಡಿಸುವ ಸರ್ಕ್ಯೂಟ್) ಇರುವ ವಾದ್ಯವಾದರೆ ಕೇಬಲ್ಲಿನ ಚಿಂತೆ ಬೇಡ, ಆದರೆ ಆ ಪ್ರೀಆಂಪ್ ಸರ್ಕ್ಯೂಟನ್ನೇ ಮರುಮಾಡಿಸಬೇಕು.

ವಾಲ್ಯೂಮ್, ಟೋನ್ ಗುಂಡಿಗಳ ಅಡಿಯ ಪಾಟ್‌ಗಳ (ತಿರುಗಿಸಿ ಬದಲಿಸುವ ರೋಧಕಗಳ) ಮೇಲೆ 250 ಕಿಲೋಓಮ್ ಎಂದು ಬರೆದಿದ್ದರೂ 200 ಇರಬಹುದು, 300 ಇರಬಹುದು. ಅದೂ ದನಿಯ ಹೊಳಪನ್ನು ಏರಿಳಿಸುತ್ತದೆ. ಹಾಗೆಂದು ಅಳೆಯುವ ಆಸೆಗೆ ಹಳೆ ವಾದ್ಯದ ಬೆಸುಗೆ ಬಿಚ್ಚಬೇಡಿ. ಕಾರ್ಖಾನೆಯ ಮೂಲ ಬೆಸುಗೆ ಒಮ್ಮೆ ಹೋದರೆ ಹೋಯಿತು. ಹೊಸದರಲ್ಲೇ ನಾಲ್ಕಾರು ಪಾಟ್ ಬದಲಿಸಿ ನೋಡಿ, ರೆಕಾರ್ಡಿಂಗ್‌ಗೆ ಹೊಂದುವುದನ್ನು ಇಟ್ಟುಕೊಳ್ಳಬಹುದು.

ಇಲ್ಲಿಯವರೆಗಿನದೆಲ್ಲ ಅಳೆದು ಮಾಡುವಂಥದ್ದು. ನೆಕ್ ಹಾಗಲ್ಲ. ಜಿ ತಂತಿಯನ್ನು ಮೂರನೇ ಫ್ರೆಟ್‌ನಿಂದ ಒಂಬತ್ತರವರೆಗೆ ಒಂದೊಂದಾಗಿ ಮೀಟುತ್ತ ಹೋಗಿ. ಸಾಮಾನ್ಯವಾಗಿ ಐದರಿಂದ ಏಳರ ಆಸುಪಾಸಿನಲ್ಲಿ ಎಲ್ಲೋ ಒಂದು ಸ್ವರ ಬೇಗ ಸತ್ತುಹೋಗುತ್ತದೆ. ಅಲ್ಲಿ ನೆಕ್ಕಿನ ಸ್ವಂತ ಕಂಪನವೂ ತಂತಿಯ ಕಂಪನವೂ ಒಂದೇ ಆಗಿ, ತಂತಿಯ ಶಕ್ತಿಯನ್ನು ನೆಕ್ ಕುಡಿದುಬಿಡುತ್ತದೆ. ಎಡಗೈಯ ಹೆಬ್ಬೆರಳಿಗೆ ಆ ನಡುಕ ತಿಳಿಯುತ್ತದೆ ಕೂಡ. ಒಂದೇ ಹಲಗೆಯಿಂದ ಕೆತ್ತಿದ ಎರಡು ನೆಕ್‌ಗಳಲ್ಲೂ ಈ ಜಾಗ ಒಂದೇ ಆಗಿರಬೇಕೆಂದಿಲ್ಲ. ದಪ್ಪ, ಅಗಲ, ನೆಕ್ಕಿನ ತುದಿಯ ತಲೆಯ ಆಕಾರ, ಟ್ಯೂನರ್‌ಗಳ (ಶ್ರುತಿಯ ಬಿರಡೆಗಳ) ತೂಕ ಇವನ್ನೆಲ್ಲ ಹಳೆಯದರಂತೆಯೇ ಇಟ್ಟರೆ ಹತ್ತಿರ ಬರುತ್ತದೆ. ಆಮೇಲೆ ತಲೆಗೆ ಚಿಕ್ಕದೊಂದು ಕ್ಲ್ಯಾಂಪ್ ಕಚ್ಚಿಸಿ ನೋಡಿ. ತೂಕ ಹೆಚ್ಚಿದರೆ ಸತ್ತ ಸ್ವರ ತಲೆಯ ಕಡೆಯ ಫ್ರೆಟ್‌ಗೆ ಜರುಗುತ್ತದೆ. ಎಷ್ಟು ತೂಕ ಬೇಕೆಂದು ಹೀಗೆ ತಿಳಿದು, ಅದಕ್ಕೆ ತಕ್ಕ ಟ್ಯೂನರ್ ಹಾಕಿಸಬಹುದು. ಕಾರ್ಬನ್ ಫೈಬರ್ ನೆಕ್ ಹಾಕಿಸಿ ಈ ತೊಂದರೆ ತಪ್ಪಿಸಿಕೊಳ್ಳಿ ಎನ್ನುವವರಿದ್ದಾರೆ. ಒಳ್ಳೆಯ ವಾದ್ಯಕ್ಕೆ ಅದು ಒಳ್ಳೆಯ ಸಲಹೆ. ಆದರೆ ನಿಮಗೆ ಬೇಕಾದದ್ದು ಆ ಹಳೆಯದರ ದನಿ, ಅದರ ಕೊರತೆಯೂ ಸೇರಿ.

ಇನ್ನು ನೀವು ಕೇಳಿದ ಮರ. ಆಲ್ಡರ್ ಆಗಲಿ ಆಶ್ ಆಗಲಿ, ಒಂದೇ ಜಾತಿಯ ಎರಡು ಹಲಗೆಗಳ ತೂಕದಲ್ಲಿ ಇರುವ ಅಂತರವೇ ದೊಡ್ಡದು. ಜಾತಿಗಿಂತ ತೂಕ ನೋಡಿ ಆರಿಸಿ, ಚೆನ್ನಾಗಿ ಒಣಗಿರಲಿ. ಹೆಗಲ ಮೇಲೆ ಹಳೆಯದರಂತೆಯೇ ಕೂರಬೇಕು, ತಲೆ ಕೆಳಗೆ ಜಗ್ಗಬಾರದು. ಕೈಗೆ ಹಳೆಯದೇ ಅನಿಸಿದರೆ ಹಳೆಯದರಂತೆಯೇ ಮೀಟುತ್ತೀರಿ, ಮರದಿಂದ ದನಿಗೆ ಸಿಗುವ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಬಣ್ಣ, ಪಾಲಿಶ್ ನಿಮ್ಮ ಕಣ್ಣಿಗೆ ಬಿಟ್ಟದ್ದು.

ತಯಾರಾದ ಬೇಸನ್ನು ಅಂದೇ ಹೋಲಿಸಬೇಡಿ. ತಂತಿಯ ಬಿಗುವಿಗೆ ಹೊಸ ನೆಕ್ ಕೆಲವು ವಾರ ಬಾಗುತ್ತಲೇ ಇರುತ್ತದೆ, ಟ್ರಸ್ ರಾಡನ್ನು (ನೆಕ್ಕಿನೊಳಗಿದ್ದು ಬಾಗು ಸರಿಪಡಿಸುವ ಕಂಬಿಯನ್ನು) ಒಂದೆರಡು ಬಾರಿ ಹೊಂದಿಸಬೇಕಾಗುತ್ತದೆ. ಅದು ನೆಲೆಗೊಂಡ ಮೇಲೆ ಅದೇ ಕೇಬಲ್, ಅದೇ ಟೇಪಿನ ಗುರುತು ಇಟ್ಟುಕೊಂಡು ಮತ್ತೆ ಫ್ರೆಟ್ ಫ್ರೆಟ್ಟಿಗೂ ರೆಕಾರ್ಡ್ ಮಾಡಿ. ಯಾವುದು ಯಾವುದೆಂದು ನಿಮಗೆ ಹೇಳದೆ ಇನ್ನೊಬ್ಬರು ಕೇಳಿಸಲಿ.

ನನ್ನ ಗೆಳೆಯ ಹತ್ತು ಬಾರಿ ಕೇಳಿ ಐದು ಬಾರಿ ತಪ್ಪು ಹೇಳಿದ. ಉಳಿದ ವ್ಯತ್ಯಾಸ ಒಂದೇ ಸ್ವರದ್ದು. ಅವನ ಹಳೆ ಬೇಸಿನಲ್ಲಿ ಜಿ ತಂತಿಯ ಐದನೇ ಫ್ರೆಟ್ ಸತ್ತದ್ದು, ಹೊಸದರಲ್ಲಿ ಅದು ಏಳಕ್ಕೆ ಹೋಗಿ ಕೂತಿದೆ. ವರ್ಷಗಳ ರೂಢಿಯಿಂದ ಅವನು ಆ ಸ್ವರವನ್ನು ಡಿ ತಂತಿಯ ಹತ್ತನೇ ಫ್ರೆಟ್‌ನಲ್ಲಿ ಹಿಡಿಯುತ್ತಿದ್ದ. ಹೊಸದರಲ್ಲಿ ಐದನೇ ಫ್ರೆಟ್ ಚೆನ್ನಾಗಿಯೇ ಮಿಡಿಯುತ್ತದೆ, ಆದರೂ ಅವನ ಕೈ ಇಂದಿಗೂ ಹತ್ತಕ್ಕೇ ಹೋಗುತ್ತದೆ.