ನೂರು ಡಾಲರ್ ದಂಡ, ಒಂದು ಡಾಲರ್ ನಾಣ್ಯ

ಹೆಂಗಸಾಗಿದ್ದೂ 1872ರ ಚುನಾವಣೆಯಲ್ಲಿ ಮತ ಹಾಕಿದಳೆಂದು, ಹೆಂಗಸರ ಮತದ ಹಕ್ಕಿಗೆ ಹೋರಾಡುತ್ತಿದ್ದ ಸೂಸನ್ ಬಿ. ಆಂಥನಿಗೆ ಅಮೆರಿಕದ ಕೋರ್ಟು 100 ಡಾಲರ್ ದಂಡ ವಿಧಿಸಿತು. ಆಕೆ ದಮ್ಮಡಿಯನ್ನೂ ಕಟ್ಟಲಿಲ್ಲ. 1979ರಲ್ಲಿ ಅದೇ ಸರ್ಕಾರ ಒಂದು ಡಾಲರ್ ನಾಣ್ಯಕ್ಕೆ ಆಕೆಯ ಮುಖವನ್ನೇ ಅಚ್ಚು ಹಾಕಿತು.

ಅದಕ್ಕೂ ಮೊದಲು ನಾಣ್ಯಗಳಲ್ಲಿ ಹೆಣ್ಣಿರಲಿಲ್ಲ ಅಂತಲ್ಲ. 1793ರಿಂದಲೂ 'ಲಿಬರ್ಟಿ' ಇದ್ದಳು. ಆದರೆ ಅವಳು ಬರೀ ಕಲ್ಪನೆಯ ಹೆಣ್ಣು. ದಿನಬಳಕೆಯ ನಾಣ್ಯಕ್ಕೆ ಬಂದ ಮೊದಲ ನಿಜವಾದ ಹೆಂಗಸು ಆಂಥನಿ. ಬಂದದ್ದೇನೋ ಸರಿ, ಆ ನಾಣ್ಯ ನೋಡಲು 25 ಸೆಂಟಿನ ಕ್ವಾರ್ಟರಿನಂತೆಯೇ ಇತ್ತು. ಚಿಲ್ಲರೆ ಎಣಿಸುವವರೆಲ್ಲ ಗೊಂದಲಕ್ಕೆ ಬಿದ್ದರು. 1981ಕ್ಕೆ ಟಂಕಸಾಲೆ ಕೈಬಿಟ್ಟಿತು. ಮತ್ತೆ ಅಚ್ಚಾದದ್ದು 1999ರಲ್ಲಿ ಒಮ್ಮೆ ಮಾತ್ರ. 2000ದಲ್ಲಿ ಹೊಂಬಣ್ಣದ ಡಾಲರ್ ಬಂತು. ಅದರ ಮೇಲೆ, ಅಮೆರಿಕದ ಪಶ್ಚಿಮವನ್ನು ಶೋಧಿಸಲು ಹೊರಟ ಲೂಯಿಸ್–ಕ್ಲಾರ್ಕ್ ತಂಡದ ಜೊತೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಡೆದ ಶೊಶೊನಿ ಬುಡಕಟ್ಟಿನ ಹೆಣ್ಣುಮಗಳು ಸಕಾಜಾವಿಯಾ. ಕಾಗದದ ಡಾಲರ್ ಜೇಬಲ್ಲಿರುವಾಗ ನಾಣ್ಯ ಯಾರಿಗೆ ಬೇಕು? ಅದೂ ಹೆಚ್ಚು ಓಡಲಿಲ್ಲ. 20 ಡಾಲರ್ ನೋಟಿಗೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಇತರರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ ಮುಖ ಎಂದು 2016ರಲ್ಲಿ ಘೋಷಣೆಯಾಗಿತ್ತು. ಆಮೇಲೆ ಅದನ್ನು ಮುಂದೂಡಿದರು.

2021ರ ಜನವರಿಯಲ್ಲಿ ಕಾನೂನಾದ ಯೋಜನೆ ಇದಕ್ಕಿಂತ ಜಾಣತನದ್ದು. ಹೊಸ ನಾಣ್ಯದ ಗೊಡವೆಗೆ ಹೋಗದೆ, ಎಲ್ಲರ ಕೈಯಲ್ಲೂ ಓಡಾಡುವ ಕ್ವಾರ್ಟರಿಗೇ ಹೆಂಗಸರನ್ನು ತಂದಿತು. 2022ರಿಂದ 2025ರವರೆಗೆ ವರ್ಷಕ್ಕೆ ಐವರಂತೆ 20 ಮಂದಿ, ಎಲ್ಲರೂ ತೀರಿಕೊಂಡವರು. ಚೀನೀ ಮೂಲದ ನಟಿ ಆನಾ ಮೇ ವಾಂಗ್, ಹವಾಯಿಯ ಸಂಸದೆ ಪ್ಯಾಟ್ಸಿ ಮಿಂಕ್, ಕ್ಯೂಬಾದಿಂದ ಬಂದ ಗಾಯಕಿ ಸೀಲಿಯಾ ಕ್ರೂಸ್ ಅವರಲ್ಲಿ ಸೇರಿದ್ದಾರೆ. ನನಗೆ ಹಿಡಿಸಿದ್ದು ಬೆಸ್ಸಿ ಕೋಲ್ಮನ್. ಕಪ್ಪು ಹೆಂಗಸಿಗೆ ವಿಮಾನ ಹಾರಿಸಲು ಕಲಿಸುವುದಿಲ್ಲವೆಂದು ಅಮೆರಿಕದ ಶಾಲೆಗಳು ಬಾಗಿಲು ಹಾಕಿದಾಗ, ಫ್ರೆಂಚ್ ಕಲಿತು ಫ್ರಾನ್ಸಿಗೇ ಹೋಗಿ 1921ರಲ್ಲಿ ಲೈಸೆನ್ಸ್ ತಂದಾಕೆ. ಅಮೆರಿಕದ ಮೂಲನಿವಾಸಿ ಚೆರೊಕೀ ಜನರ ನಾಯಕಿ ವಿಲ್ಮಾ ಮ್ಯಾನ್‌ಕಿಲ್ಲರ್ ನಾಣ್ಯವಂತೂ ತನ್ನ ಜನರ ಹೆಸರನ್ನು ಅವರದೇ ಲಿಪಿಯಲ್ಲಿ ಹೊತ್ತಿದೆ.

ಎಲ್ಲರ ಕಣ್ಣೂ ಹೆಂಗಸರಿರುವ ಈ ಮಗ್ಗುಲಿಗೇ. ಆಚೆ ಮಗ್ಗುಲಿನಲ್ಲಿರುವ ಮೊದಲ ಅಧ್ಯಕ್ಷ ವಾಷಿಂಗ್ಟನ್ನನ ಕಥೆಯೂ ಸಣ್ಣದಲ್ಲ. 1932ರ ಕ್ವಾರ್ಟರಿಗೆ ಕಲಾ ಆಯೋಗ ಶಿಫಾರಸು ಮಾಡಿದ್ದು ಶಿಲ್ಪಿ ಲಾರಾ ಗಾರ್ಡಿನ್ ಫ್ರೇಸರ್ ಕೆತ್ತಿದ ಮುಖವನ್ನು. ಖಜಾನೆ ಇಲಾಖೆ ಅದನ್ನು ಬದಿಗಿಟ್ಟು ಜಾನ್ ಫ್ಲಾನಗನ್ ಮಾಡಿದ್ದನ್ನು ಆರಿಸಿತು. 90 ವರ್ಷದ ನಂತರ ಈ ಸರಣಿಗೆ ಫ್ರೇಸರ್ ಕೆಲಸವನ್ನೇ ಹುಡುಕಿ ತಂದರು. ಗುರುತಿಸುವುದು ಸುಲಭ: ಫ್ಲಾನಗನ್ ವಾಷಿಂಗ್ಟನ್ ಎಡಕ್ಕೆ ನೋಡುತ್ತಾನೆ, ಆಕೆಯವನು ಬಲಕ್ಕೆ.