ಅಲ್ಲಿ ಗಲಾಟೆ, ಮಗಳು ಮಾತ್ರ ‘ಏನಿಲ್ಲಮ್ಮ’ ಅಂತಾಳೆ: ಯಾರನ್ನು ನಂಬೋದು?

ಪ್ರಶ್ನೆ: ಮಗಳು ಬಾಂಗ್ಲಾದೇಶದಲ್ಲಿ ಎಂಬಿಬಿಎಸ್ ಮೂರನೇ ವರ್ಷ ಓದುತ್ತಿದ್ದಾಳೆ. ಅಲ್ಲಿ ಗಲಾಟೆ ಅಂತ ಟಿವಿಯಲ್ಲಿ ಬಂದಾಗಲೆಲ್ಲ ನಮಗೆ ಊಟ ಸೇರಲ್ಲ. ಫೋನ್ ಮಾಡಿದರೆ ‘ಇಲ್ಲಿ ಏನಿಲ್ಲಮ್ಮ, ಮೊದಲು ಟಿವಿ ಆಫ್ ಮಾಡಿ’ ಅಂತಾಳೆ. ಯಾರನ್ನು ನಂಬಬೇಕು? ಯಾವಾಗ ವಾಪಸ್ ಕರೆಸಬೇಕು? ನಾವೇ ಹೋಗಿ ಕರೆದುಕೊಂಡು ಬರೋದು ಸರೀನಾ?
(ಮಂಡ್ಯದ ತಾಯಿಯೊಬ್ಬರು)

ಉತ್ತರ: ಈ ಪ್ರಶ್ನೆ ನಿಮ್ಮೊಬ್ಬರದ್ದಲ್ಲ. ಮಗ ಗಲ್ಫ್‌ನಲ್ಲಿರುವವರು, ತಮ್ಮನನ್ನು ಆಫ್ರಿಕಾಕ್ಕೆ ವ್ಯಾಪಾರಕ್ಕೆ ಕಳಿಸಿದವರು, ಎಲ್ಲರೂ ಕೇಳುವುದು ಇದನ್ನೇ. ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ. ಟಿವಿಯಲ್ಲಿ ಕಾಣುವ ಬೆಂಕಿಯೂ ಸುಳ್ಳಲ್ಲ. ಅವಳು ತನ್ನ ಬೀದಿ ನೋಡಿ ಹೇಳುತ್ತಿದ್ದಾಳೆ, ಟಿವಿಯವರು ಯಾವುದೋ ಒಂದು ಸರ್ಕಲ್ ತೋರಿಸುತ್ತಿದ್ದಾರೆ. ಆದರೆ ನಿಮಗೆ ಬೇಕಾದ ಸುದ್ದಿ ಇವೆರಡರಲ್ಲೂ ಇಲ್ಲ. ಹಾಸ್ಟೆಲ್‌ನಿಂದ ಗಡಿವರೆಗೆ, ಇಲ್ಲವೇ ಏರ್‌ಪೋರ್ಟ್‌ವರೆಗೆ ದಾರಿ ತೆರೆದಿದೆಯಾ? ನೀವು ದಿನಾ ಕೇಳಬೇಕಾದ ಪ್ರಶ್ನೆ ಇದು.

ಮಂಡ್ಯದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. 2016ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. 5ನೇ ತಾರೀಖು ಸುಪ್ರೀಂ ಕೋರ್ಟ್ ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ನೀರು ಬಿಡಿ ಅಂತ ಹೇಳಿತು. ಮಾರನೇ ದಿನವೇ ಮಂಡ್ಯ ಬಂದ್. 9ಕ್ಕೆ ಕರ್ನಾಟಕ ಬಂದ್. 12ಕ್ಕೆ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟುಹೋದವು, ಕರ್ಫ್ಯೂ ಬಂತು. ಹೊರದೇಶದಲ್ಲಿದ್ದ ನಮ್ಮವರು ಆ ದೃಶ್ಯ ನೋಡಿ ರಾತ್ರೋರಾತ್ರಿ ಫೋನ್ ಮಾಡಿದರು. ನಾವು ಏನು ಹೇಳಿದೆವು? ‘ಗಲಾಟೆ ಎಲ್ಲಾ ಹೈವೇ ಕಡೆ, ನಮ್ಮ ಬೀದೀಲಿ ಏನಿಲ್ಲ. ಹಾಲು ಬಂತು, ಊಟ ಆಯ್ತು, ಮಲಗು’ ಅಂದೆವು. ಅದೂ ನಿಜವೇ. ಆದರೆ ಅದೇ ದಿನ ತುರ್ತಾಗಿ ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕಾಗಿದ್ದವರನ್ನು ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು. ಬೀದಿ ಶಾಂತವಾಗಿತ್ತು, ರಸ್ತೆ ಮಾತ್ರ ಬಂದ್ ಆಗಿತ್ತು.

ನಮ್ಮಲ್ಲಿಗೆ ಬಂದು ಉಳಿದ ವಿದೇಶಿಯರ ಕಥೆಯೂ ಹೀಗೇ. ಮೈಸೂರಿನ ಗೋಕುಲಂಗೆ ಅಷ್ಟಾಂಗ ಯೋಗ ಕಲಿಯೋಕೆ ಎಷ್ಟೋ ದೇಶಗಳಿಂದ ಜನ ಬರುತ್ತಾರೆ, ತಿಂಗಳುಗಟ್ಟಲೆ ಬಾಡಿಗೆ ಮನೆ ಮಾಡಿ ಇರುತ್ತಾರೆ. ಹೊಸಬರಿಗೆ ಬಂದ್ ಅಂದರೆ ದಂಗೆ ಅಂತಲೇ ಭಯ. ಒಂದೆರಡು ಬಂದ್ ನೋಡಿದ ಮೇಲೆ ಮನೆ ಓನರ್‌ನ ಕೇಳಿಕೊಂಡು, ಬೆಳಿಗ್ಗೆ ಆರರೊಳಗೆ ಸಾಮಾನು ತಂದಿಟ್ಟು, ಸಂಜೆ ಆರರ ಮೇಲೆ ಹೊರಗೆ ಬರುತ್ತಾರೆ. ಊರಿನವರ ಮುಖ ನೋಡಿ ಧೈರ್ಯ ಕಲಿಯುತ್ತಾರೆ. ನಿಮ್ಮ ಮಗಳೂ ಅದನ್ನೇ ಕಲಿತಿದ್ದಾಳೆ. ಬಾಂಗ್ಲಾದೇಶದಲ್ಲಿ ಹರತಾಳ ಹೊಸದೇನಲ್ಲ. ಮೂರು ವರ್ಷದಲ್ಲಿ ಯಾವ ದಿನ ರಿಕ್ಷಾ ಸಿಗುತ್ತೆ, ಯಾವ ದಿನ ಗೇಟ್ ದಾಟಬಾರದು ಅನ್ನೋದು ಅವಳಿಗೆ ಗೊತ್ತಾಗಿರುತ್ತದೆ. ಈ ತಿಳಿವಳಿಕೆಗೆ ಬೆಲೆ ಇದೆ, ಅದನ್ನು ತಳ್ಳಿಹಾಕಬೇಡಿ. ಅಪಾಯ ಇರೋದೂ ಅಲ್ಲೇ. ಹತ್ತು ಸಲ ಏನೂ ಆಗದೆ ಮುಗಿದ ಗಲಾಟೆಯನ್ನು ನೋಡಿದವರು ಹನ್ನೊಂದನೆಯದ್ದನ್ನೂ ಹಾಗೇ ಅಂದುಕೊಳ್ಳುತ್ತಾರೆ.

2024ರಲ್ಲಿ ಆಗಿದ್ದು ಇದೇ. ಜೂನ್ 5ಕ್ಕೆ ಅಲ್ಲಿನ ಹೈಕೋರ್ಟ್ ಸ್ವಾತಂತ್ರ್ಯ ಹೋರಾಟಗಾರರ ಕುಟುಂಬದವರಿಗೆ ಸರ್ಕಾರಿ ಕೆಲಸದಲ್ಲಿದ್ದ 30% ಮೀಸಲಾತಿಯನ್ನು ಮತ್ತೆ ಜಾರಿಗೆ ತಂದಿತು. ವಿದ್ಯಾರ್ಥಿಗಳು ರಸ್ತೆಗಿಳಿದರು. ಜುಲೈ ಮಧ್ಯದವರೆಗೆ ಅದು ಇನ್ನೊಂದು ಚಳವಳಿಯಂತೆಯೇ ಕಾಣುತ್ತಿತ್ತು. 18ರ ರಾತ್ರಿ ಇಂಟರ್ನೆಟ್ ಹೋಯಿತು. 19ರ ಮಧ್ಯರಾತ್ರಿ ಕರ್ಫ್ಯೂ. ಮೊಬೈಲ್ ಇಂಟರ್ನೆಟ್ ವಾಪಸ್ ಬರೋಕೆ ಹತ್ತಿರ ಹತ್ತಿರ ಹತ್ತು ದಿನ ಆಯಿತು. ಇಲ್ಲಿ ಅಪ್ಪ ಅಮ್ಮಂದಿರಿಗೆ ಆ ದಿನಗಳು ಹೇಗೆ ಕಳೆದವು ಅಂತ ನಾನು ಹೇಳಬೇಕಿಲ್ಲ. ವಾಟ್ಸಾಪ್‌ನಲ್ಲಿ ಒಂದೇ ಟಿಕ್, ಫೋನ್ ಹಚ್ಚಿದರೆ ಹೋಗುತ್ತಿಲ್ಲ. ಅದೇ ವಾರ ಭಾರತದ ಸಾವಿರಾರು ವಿದ್ಯಾರ್ಥಿಗಳು ಪೆಟ್ರಾಪೋಲ್, ಗೆದೆ, ಅಗರ್ತಲಾ, ಡಾವ್ಕಿ ಗಡಿಗಳಿಂದ ಸೂಟ್‌ಕೇಸ್ ಎಳೆದುಕೊಂಡು ಈ ಕಡೆ ದಾಟಿದರು. ಗಡಿವರೆಗೆ ಪೊಲೀಸ್ ಬೆಂಗಾವಲಿಗೆ ನಮ್ಮ ಹೈಕಮಿಷನ್, ಅಂದರೆ ಢಾಕಾದಲ್ಲಿರುವ ಭಾರತದ ರಾಯಭಾರ ಕಚೇರಿ, ವ್ಯವಸ್ಥೆ ಮಾಡಿತ್ತು. ಆಗಸ್ಟ್ 5ಕ್ಕೆ ಪ್ರಧಾನಿ ಶೇಖ್ ಹಸೀನಾ ರಾಜೀನಾಮೆ ಕೊಟ್ಟು ದೇಶ ಬಿಟ್ಟರು, ಢಾಕಾ ಏರ್‌ಪೋರ್ಟ್ ಕೆಲವು ಗಂಟೆ ಮುಚ್ಚಿತು. ಮಾರನೇ ದಿನ ವಿದೇಶಾಂಗ ಸಚಿವ ಜೈಶಂಕರ್ ಸಂಸತ್ತಿನಲ್ಲಿ ಲೆಕ್ಕ ಕೊಟ್ಟರು: ಅಲ್ಲಿ ಸುಮಾರು 19,000 ಭಾರತೀಯರು, ಅವರಲ್ಲಿ ಸುಮಾರು 9,000 ವಿದ್ಯಾರ್ಥಿಗಳು, ವಿದ್ಯಾರ್ಥಿಗಳಲ್ಲಿ ಬಹುಪಾಲು ಜುಲೈನಲ್ಲೇ ವಾಪಸ್. ಜುಲೈನಲ್ಲಿ ಹೊರಟವರನ್ನು ಯಾರಾದರೂ ಪುಕ್ಕಲರು ಅಂದಿದ್ದರೆ, ಆಗಸ್ಟ್ 5ರಂದು ಆ ಮಾತು ವಾಪಸ್ ತೆಗೆದುಕೊಂಡಿರುತ್ತಾರೆ.

ಹಾಗಾದರೆ ಉಳಿದವರು ಯಾಕೆ ಉಳಿಯುತ್ತಾರೆ? ಧೈರ್ಯ, ಹಠ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಕಾರಣ ಓದು, ಇಲ್ಲವೇ ದುಡ್ಡು.

ನಿಮ್ಮ ಮಗಳದ್ದೇ ತೆಗೆದುಕೊಳ್ಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ತಂದ ನಿಯಮದ ಪ್ರಕಾರ, ಓದಿ ಬಂದು ಇಲ್ಲಿ ಡಾಕ್ಟರಾಗಬೇಕಾದರೆ ಹೊರದೇಶದ ಎಂಬಿಬಿಎಸ್ ಕನಿಷ್ಠ 54 ತಿಂಗಳದ್ದಾಗಿರಬೇಕು. ಪೂರ್ತಿ ಕೋರ್ಸು ಒಂದೇ ಕಾಲೇಜಿನಲ್ಲಿ ಮುಗಿಯಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಕೂಡ ಅಲ್ಲೇ. ಬರೀ ಆನ್‌ಲೈನ್ ಕ್ಲಾಸ್ ನಡೆಯಲ್ಲ. ಅಂದರೆ ಮನೆಗೆ ಬಂದು ಕೂತರೆ ಹಾಜರಿ ಹೋಗುತ್ತೆ, ಜಾಸ್ತಿ ದಿನ ಆದರೆ ವರ್ಷವೇ ಹೋಗಬಹುದು. ಅವಳು ‘ಏನಿಲ್ಲಮ್ಮ’ ಅನ್ನುವಾಗ ತಲೆಯಲ್ಲಿ ಈ ಲೆಕ್ಕ ಓಡುತ್ತಿರುತ್ತದೆ. ನೀವು ಗದ್ದೆ ಮೇಲೆ ಸಾಲ ಮಾಡಿ ಫೀಸ್ ಕಟ್ಟಿದ್ದರೆ ಅದೂ ತಲೆಯಲ್ಲಿರುತ್ತದೆ. ಯುಕ್ರೇನ್‌ನಲ್ಲಿ ಎಷ್ಟೋ ಮಕ್ಕಳಿಗೆ ಆಗಿದ್ದು ಹೀಗೇ. 2022ರ ಫೆಬ್ರವರಿ 15ಕ್ಕೆ ನಮ್ಮ ರಾಯಭಾರ ಕಚೇರಿ, ಇರಲೇಬೇಕಾದ ಅಗತ್ಯ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ಹೊರಡಿ ಅಂದಿತು. ಯುದ್ಧ ಶುರುವಾಗಿದ್ದು 24ಕ್ಕೆ. ಮಧ್ಯೆ ಒಂಬತ್ತು ದಿನ ಇತ್ತು. ಕಾಲೇಜು ಕ್ಲಾಸ್ ನಡೆಸುತ್ತಿತ್ತು, ಟಿಕೆಟ್ ರೇಟು ಏರಿತ್ತು, ಮಕ್ಕಳು ಕಾದರು. ಆಮೇಲೆ ಬಂಕರ್, ಚಳಿ, ಗಡಿವರೆಗೆ ನಡಿಗೆ.

ದುಡ್ಡಿನ ಮಾತಿಗೆ ಬಂದರೆ ನಮ್ಮ ಮೈಸೂರು ಜಿಲ್ಲೆಯವರೇ ಇದ್ದಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಹಕ್ಕಿಪಿಕ್ಕಿ ಜನರ ಊರು. ಅವರ ಗಿಡಮೂಲಿಕೆ ಕೂದಲೆಣ್ಣೆ ಈಗ ದೇಶಕ್ಕೆಲ್ಲ ಗೊತ್ತು. ಅದಕ್ಕೂ ಎಷ್ಟೋ ಮುಂಚಿನಿಂದ ಅವರು ಮೂಲಿಕೆ ಔಷಧಿ, ಎಣ್ಣೆ ಮಾರೋಕೆ ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಿದ್ದಾರೆ. 2023ರ ಏಪ್ರಿಲ್ 15ರಂದು ಸೂಡಾನ್‌ನಲ್ಲಿ ಸೇನೆಗೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಹುಣಸೂರಿನವರೂ ಸೇರಿ ಕರ್ನಾಟಕದ ಹಲವು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡರು. ಕೆಲವರು ಇದ್ದದ್ದು ದೇಶದ ಪಶ್ಚಿಮದ ಎಲ್ ಫಾಶರ್ ಊರಿನಲ್ಲಿ. ಹಡಗು ಹತ್ತಬೇಕಾದ ಪೋರ್ಟ್ ಸೂಡಾನ್ ಇರೋದು ಪೂರ್ವದಲ್ಲಿ, ಕೆಂಪು ಸಮುದ್ರದ ದಡದಲ್ಲಿ. ರಾಜಧಾನಿ ಖಾರ್ಟೂಮ್‌ನಿಂದಲೇ ಅಲ್ಲಿಗೆ ರಸ್ತೆಯಲ್ಲಿ ಸುಮಾರು 850 ಕಿಲೋಮೀಟರ್. ಬಾಡಿಗೆ ಕೋಣೆಯೊಳಗೆ ಕೂತವರಿಗೆ ಹೊರಗೆ ಗುಂಡಿನ ಸದ್ದು, ಒಳಗೆ ನೀರಿಲ್ಲ, ಅನ್ನವಿಲ್ಲ. ನಮ್ಮಲ್ಲಿ ಆಗ ವಿಧಾನಸಭೆ ಚುನಾವಣೆ ಕಾವು. ಇವರ ವಿಷಯದಲ್ಲಿ ಸಿದ್ದರಾಮಯ್ಯ ಮತ್ತು ಜೈಶಂಕರ್ ನಡುವೆ ಟ್ವಿಟರ್‌ನಲ್ಲಿ ಮಾತಿಗೆ ಮಾತೂ ಬೆಳೆಯಿತು.

ಏಪ್ರಿಲ್ 24ಕ್ಕೆ ಸರ್ಕಾರ ರಕ್ಷಣಾ ಕಾರ್ಯಾಚರಣೆ ಶುರು ಮಾಡಿತು. ಅದಕ್ಕೆ ಇಟ್ಟ ಹೆಸರು ‘ಆಪರೇಷನ್ ಕಾವೇರಿ’. ನೌಕಾಪಡೆಯ ಹಡಗು, ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ, ಒಟ್ಟು 3,862 ಜನರನ್ನು ಕರೆತಂದರು. ಹಕ್ಕಿಪಿಕ್ಕಿಗಳೂ ಬಂದರು. ಜೀವ ಉಳಿಯಿತು, ಸರಕು ಅಲ್ಲೇ ಉಳಿಯಿತು. ಬಡ್ಡಿಗೆ ಸಾಲ ತಂದು ಟಿಕೆಟ್ ತೆಗೆದವರಿಗೆ ಸಾಲ ಮಾತ್ರ ಹಾಗೇ ಇತ್ತು. ಅಂಥವರಿಗೆ ‘ಮೊದಲೇ ಯಾಕೆ ಬರಲಿಲ್ಲ’ ಅಂತ ಕೇಳೋದು ನನ್ನ ಮಟ್ಟಿಗೆ ಕ್ರೂರ. ಎಣ್ಣೆ ಮಾರಿ ಮುಗಿಯೋ ಮುಂಚೆ ವಾಪಸ್ ಬಂದರೆ ಮನೆ ಬಾಗಿಲಲ್ಲಿ ಸಾಲ ಕೊಟ್ಟವನು ನಿಂತಿರುತ್ತಾನೆ. ಬರೋದು ಬಿಡೋದು ಅವರ ಕೈಯಲ್ಲಿ ಪೂರ್ತಿ ಇರಲಿಲ್ಲ.

ವಾಪಸ್ ಹೋಗೋಕೆ ಒಂದು ಮನೆಯೇ ಇಲ್ಲದವರೂ ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ 1960ರ ದಶಕದ ಶುರುವಿನಿಂದ ಟಿಬೆಟಿಯನ್ನರು ನೆಲೆ ನಿಂತಿದ್ದಾರೆ. ‘ಗಲಾಟೆ ಆದರೆ ಊರಿಗೆ ಬಾ’ ಅಂತ ಅವರನ್ನು ಕರೆಯೋಕೆ ಆ ಕಡೆ ಯಾರೂ ಇಲ್ಲ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮೂರು ವರ್ಷ ಜೊತೆಗೆ ಉಂಡು ಓದಿದ ಗೆಳತಿಯರು ಬೀದಿಗಿಳಿದಾಗ ನಿಮ್ಮ ಮಗಳ ಮನಸ್ಸೂ ಆ ಕಡೆ ಹೋಗುತ್ತದೆ. ಅದು ತಪ್ಪಲ್ಲ. ಆದರೆ ವೀಸಾ ಮೇಲೆ ಇರುವವರ ಮಾತನ್ನು ಯಾವ ಸರ್ಕಾರವೂ ಸುಲಭಕ್ಕೆ ಸಹಿಸೋದಿಲ್ಲ, ನಮ್ಮದೂ ಸೇರಿ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಗೆ ಹೋಗಿದ್ದ ಮದ್ರಾಸ್ ಐಐಟಿಯ ಜರ್ಮನ್ ವಿದ್ಯಾರ್ಥಿಗೆ ದೇಶ ಬಿಡಿ ಅಂತ ಹೇಳಿದರು. ಶ್ರೀಲಂಕಾದ 2022ರ ಚಳವಳಿಯ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಬ್ರಿಟಿಷ್ ಮಹಿಳೆಯೊಬ್ಬರ ವೀಸಾ ರದ್ದಾಯಿತು. ಎಲ್ಲಕ್ಕಿಂತ ಕಠಿಣವಾದದ್ದು ಯುಎಇಯಲ್ಲಿ. 2024ರ ಜುಲೈನಲ್ಲಿ ತಮ್ಮ ದೇಶದ ಸರ್ಕಾರದ ವಿರುದ್ಧ ಅಲ್ಲಿ ಮೆರವಣಿಗೆ ಮಾಡಿದ 57 ಬಾಂಗ್ಲಾದೇಶಿಯರಿಗೆ ಜೈಲು ಶಿಕ್ಷೆ ಆಯಿತು. ಮೂವರಿಗೆ ಜೀವಾವಧಿ, ಉಳಿದವರಲ್ಲಿ ಬಹುತೇಕರಿಗೆ ಹತ್ತು ವರ್ಷ. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಕ್ಷಮಾದಾನ ಕೊಟ್ಟಿದ್ದರಿಂದ ಬಿಡುಗಡೆಯಾದರು. ಗಲ್ಫ್‌ನಲ್ಲಿ ಮಕ್ಕಳಿರುವವರು ಇದನ್ನು ಅವರಿಗೆ ಒಮ್ಮೆ ಓದಿ ಹೇಳಿ. ನಿಮ್ಮ ಮಗಳಿಗೂ ಅಷ್ಟೇ: ಗೆಳತಿಗೆ ಗಾಯ ಆದರೆ ಪಟ್ಟಿ ಕಟ್ಟಲಿ, ಊಟ ಕೊಡಲಿ. ಮೆರವಣಿಗೆ ಮತ್ತು ಫೇಸ್‌ಬುಕ್ ಪೋಸ್ಟ್‌ನಿಂದ ದೂರ ಇರಲಿ. ಫೋನಿನಲ್ಲಿ ನೀವೂ ಅಲ್ಲಿನ ರಾಜಕೀಯ ಕೆದಕಬೇಡಿ.

ಈಗ ಯಾವಾಗ ಕರೆಸಬೇಕು ಅನ್ನುವುದಕ್ಕೆ ಬರೋಣ. ಅದನ್ನು ಗಲಾಟೆ ದಿನ ಕೂತು ತೀರ್ಮಾನ ಮಾಡೋಕೆ ಆಗಲ್ಲ. ನೇಪಾಳದಲ್ಲಿ 2025ರ ಸೆಪ್ಟೆಂಬರ್ 8ಕ್ಕೆ ಯುವಕರು ಬೀದಿಗಿಳಿದರು, ಆ ಒಂದೇ ದಿನ 19 ಜನ ಸತ್ತರು. 9ಕ್ಕೆ ಪ್ರಧಾನಿ ಓಲಿ ರಾಜೀನಾಮೆ, ಕಠ್ಮಂಡು ಏರ್‌ಪೋರ್ಟ್ ಬಂದ್. ‘ನಾಳೆ ನೋಡೋಣ’ ಅಂದವರಿಗೆ ಮಾರನೇ ದಿನ ವಿಮಾನವೇ ಇರಲಿಲ್ಲ. ಅದಕ್ಕೇ ಎಲ್ಲಾ ತಣ್ಣಗಿರುವಾಗ ಮಗಳ ಜೊತೆ ಕೂತು ಮಾತಾಡಿ, ಯಾವುದು ಆದರೆ ಹೊರಡಬೇಕು ಅಂತ ಇಬ್ಬರೂ ಒಪ್ಪಿಕೊಳ್ಳಿ. ನನ್ನ ಪ್ರಕಾರ ನಾಲ್ಕರಲ್ಲಿ ಒಂದಾದರೂ ಸಾಕು: ಇಂಟರ್ನೆಟ್ ತೆಗೆದರೆ, ಕರ್ಫ್ಯೂ ಹಾಕಿದರೆ, ಕಾಲೇಜಿನವರು ಹಾಸ್ಟೆಲ್ ಖಾಲಿ ಮಾಡಿ ಅಂದರೆ, ನಮ್ಮ ಹೈಕಮಿಷನ್ ಹೊರಡಿ ಅಂದರೆ. ಆಮೇಲೆ ವಾದ ಬೇಡ. ಇಂಟರ್ನೆಟ್ ಹೋದ ಮೇಲೆ ಅವಳು ನಿಮ್ಮನ್ನು ಕೇಳೋಕೂ ಆಗಲ್ಲ, ಹಾಗಾಗಿ ಕೇಳದೇ ಹೊರಡುವ ಅಪ್ಪಣೆ ಮೊದಲೇ ಕೊಟ್ಟಿಡಿ. ಹಾಜರಿ ಹೋದರೆ ಹೋಗಲಿ ಅನ್ನುವ ಮಾತು ನಿಮ್ಮ ಬಾಯಿಂದಲೇ ಬರಬೇಕು. ಅವಳು ಅದಕ್ಕೇ ಕಾಯುತ್ತಿರುತ್ತಾಳೆ.

ದಿನಾ ಫೋನ್ ಮಾಡಿದಾಗ ‘ಹೇಗಿದೀಯ’ ಅಂತ ಕೇಳಿದರೆ ‘ಚೆನ್ನಾಗಿದೀನಿ’ ಅಂತಲೇ ಬರುತ್ತದೆ. ಎಟಿಎಂನಲ್ಲಿ ದುಡ್ಡು ಬರುತ್ತಿದೆಯಾ, ಮೆಸ್‌ಗೆ ತರಕಾರಿ ಬಂತಾ, ಸೀನಿಯರ್‌ಗಳು ಹೊರಡುತ್ತಿದ್ದಾರಾ ಅಂತ ಕೇಳಿ ನೋಡಿ. ಪಾಸ್‌ಪೋರ್ಟ್ ಕಾಲೇಜಿನ ಆಫೀಸಿನಲ್ಲಿದ್ದರೆ ವಾಪಸ್ ತೆಗೆದುಕೊಳ್ಳಲಿ. ಒಂದು ವಾರಕ್ಕೆ ಆಗುವಷ್ಟು ಟಾಕಾ ಕೈಯಲ್ಲಿರಲಿ. ಢಾಕಾದ ನಮ್ಮ ಹೈಕಮಿಷನ್‌ಗೆ ಚಿತ್ತಗಾಂಗ್, ರಾಜಶಾಹಿ, ಸಿಲ್ಹೆಟ್, ಖುಲ್ನಾಗಳಲ್ಲಿ ಸಹಾಯಕ ಕಚೇರಿಗಳಿವೆ. ಹತ್ತಿರದ್ದರಲ್ಲಿ ಹೆಸರು ನೋಂದಾಯಿಸಿ, ನಂಬರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ, ಫೋನ್ ಚಾರ್ಜ್ ಮುಗಿದರೂ ಕಾಗದ ಇರುತ್ತದೆ. ಇಲ್ಲಿ ನೀವು ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ವಿವರ ಹಾಕಬಹುದು. ಮಂಡ್ಯದ ಡಿಸಿ ಆಫೀಸಿನಲ್ಲೂ ಮಗಳ ಹೆಸರು, ಪಾಸ್‌ಪೋರ್ಟ್ ನಂಬರ್, ಕಾಲೇಜು ವಿಳಾಸ ಬರೆದುಕೊಟ್ಟು ಬನ್ನಿ.

ನೀವೇ ಹೋಗೋದು ಮಾತ್ರ ಬೇಡ. ನಿಮಗೂ ವೀಸಾ ಬೇಕು, ಅದು ಬರುವಷ್ಟರಲ್ಲಿ ಅಲ್ಲಿ ಏನು ಬೇಕಾದರೂ ಆಗಿರಬಹುದು. ಭಾಷೆ ಗೊತ್ತಿಲ್ಲದ ಊರಿನಲ್ಲಿ ಅವಳು ನಿಮ್ಮನ್ನೂ ಕಾಯಬೇಕಾಗುತ್ತದೆ. ತೀರಾ ಮನಸ್ಸು ತಡೆಯದಿದ್ದರೆ ಕೋಲ್ಕತ್ತಾದವರೆಗೆ ಹೋಗಿ. ಅಲ್ಲಿಂದ ಬೆಂಗಳೂರಿಗೆ ವಿಮಾನವೂ ಇದೆ, ಹೌರಾದಿಂದ ರೈಲೂ ಇದೆ. ಅವಳ ಕಾಲೇಜಿನಲ್ಲಿರುವ ಬೇರೆ ಕನ್ನಡದ ಮಕ್ಕಳ ಮನೆಯವರ ನಂಬರುಗಳನ್ನು ಈ ವಾರವೇ ತೆಗೆದುಕೊಳ್ಳಿ. ಹೊರಡುವ ದಿನ ಬಂದರೆ ಮಕ್ಕಳು ಗುಂಪಾಗಿಯೇ ಹೊರಡಲಿ, ಒಬ್ಬೊಬ್ಬರಾಗಿ ಬೇಡ.