ಎಳೆದರೆ ಮೇಲೇರುತ್ತೆ ಅಂದವರು ಯಾರು?

ಮೊದಲ ದಿನ ವಿಮಾನ ನೆಲ ಬಿಡುವುದಕ್ಕೂ ಮುಂಚೆಯೇ ನಾನು ಅದನ್ನು ಹುಲ್ಲಿಗೆ ಇಳಿಸಿದೆ. ರನ್‌ವೇ ಕಡೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಬೇಕಿತ್ತು, ಅಷ್ಟೇ. ದಾರಿ ಎಡಕ್ಕೆ ತಿರುಗಿತು. ನಾನೂ ಕೈಯಲ್ಲಿದ್ದ ಯೋಕನ್ನು ಎಡಕ್ಕೆ ತಿರುಗಿಸಿದೆ. ವಿಮಾನ ನೆಟ್ಟಗೆ ಹೋಯಿತು. ಇನ್ನೂ ಜಾಸ್ತಿ ತಿರುಗಿಸಿದೆ. ಆಗಲೂ ನೆಟ್ಟಗೆ. ಮುಂದಿನ ಚಕ್ರ ಹುಲ್ಲು ಮುಟ್ಟಿದ ಮೇಲೆ ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಆರಾಮಾಗಿ ಬ್ರೇಕ್ ಒತ್ತಿ, "ಎರಡೂ ಕೈ ತೊಡೆ ಮೇಲಿಟ್ಟುಕೊಳ್ಳಿ, ಇದು ಕಾರಲ್ಲ" ಅಂದರು.

ಯೋಕ್ ನೋಡೋಕೆ ಕಾರಿನ ಸ್ಟೀರಿಂಗ್ ತರಾನೇ ಇರುತ್ತದೆ. ಆದರೆ ಅದಕ್ಕೂ ಚಕ್ರಕ್ಕೂ ಸಂಬಂಧವೇ ಇಲ್ಲ. ತಿರುಗಿಸಿದರೆ ರೆಕ್ಕೆಗಳ ಹಿಂದಿನ ಅಂಚಿನಲ್ಲಿರುವ ಏಲೆರಾನ್ ಎಂಬ ಪಟ್ಟಿಗಳು ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಬಾಗುತ್ತವೆ. ಗಾಳಿ ಜೋರಾಗಿ ಹರಿಯದೆ ಅವುಗಳಿಂದ ಏನೂ ಆಗುವುದಿಲ್ಲ. ನೆಲದ ಮೇಲೆ ದಿಕ್ಕು ಬದಲಿಸುವುದು ಕಾಲಿನಿಂದ. ಎಡ ಪೆಡಲ್ ತುಳಿದರೆ ಎಡಕ್ಕೆ, ಬಲ ಪೆಡಲ್ ತುಳಿದರೆ ಬಲಕ್ಕೆ, ಅದೇ ಪೆಡಲ್‌ಗಳ ಮೇಲ್ತುದಿ ಒತ್ತಿದರೆ ಬ್ರೇಕ್. ಹೇಳಿದರೆ ಅರ್ಧ ನಿಮಿಷದ ವಿಷಯ. ಆದರೆ ವರ್ಷಗಟ್ಟಲೆ ಕಾರು ಓಡಿಸಿದ ಕೈ ಕೇಳಬೇಕಲ್ಲ! ನನ್ನ ಮೊದಲ ಹತ್ತು ಗಂಟೆ ಹೆಚ್ಚುಕಡಿಮೆ ಹೀಗೇ ಕಳೆಯಿತು, ಕೈಕಾಲಿಗೆ, ಕಿವಿಗೆ, ಕೂತ ಸೊಂಟಕ್ಕೆ ಗೊತ್ತಿದ್ದದ್ದೆಲ್ಲ ಇಲ್ಲಿ ನಡೆಯುವುದಿಲ್ಲ ಅಂತ ಒಂದೊಂದಾಗಿ ತಿಳಿದುಕೊಳ್ಳುತ್ತಾ.

ನಾನು ಕಲಿತದ್ದು ಸೆಸ್ನಾ 172ರಲ್ಲಿ. ನಾಲ್ಕು ಸೀಟು, ಒಂದೇ ಎಂಜಿನ್, ತಲೆಯ ಮೇಲೆ ರೆಕ್ಕೆ. 1955ರಲ್ಲಿ ಮೊದಲು ಹಾರಿದ ಈ ಮಾದರಿಯಲ್ಲಿ ಈವರೆಗೆ 44,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ಬೇರೆ ಯಾವ ವಿಮಾನವನ್ನೂ ಇಷ್ಟು ಸಂಖ್ಯೆಯಲ್ಲಿ ಮಾಡಿಲ್ಲ. ಹತ್ತಿರ ಹೋಗಿ ಬಾಗಿಲು ಎಳೆದರೆ ಮಾತ್ರ ಸ್ವಲ್ಪ ಗಾಬರಿಯಾಗುತ್ತದೆ, ಅಷ್ಟು ತೆಳು ತಗಡು.

ಹಾರುವ ಮುಂಚೆ ವಿಮಾನದ ಸುತ್ತ ಒಂದು ಸುತ್ತು ಹಾಕಬೇಕು. ರೆಕ್ಕೆಯ ತಳದಿಂದ ಒಂದು ಪಾರದರ್ಶಕ ಲೋಟಕ್ಕೆ ಸ್ವಲ್ಪ ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿದು ನೋಡುತ್ತೇವೆ. ಪುಟ್ಟ ವಿಮಾನಗಳಿಗೆ ಸಾಮಾನ್ಯವಾಗಿ ಹಾಕುವ ಈ ಪೆಟ್ರೋಲ್‌ಗೆ ತಿಳಿನೀಲಿ ಬಣ್ಣ ಸೇರಿಸಿರುತ್ತಾರೆ. ನೀರು ಸೇರಿದ್ದರೆ, ಅದು ಪೆಟ್ರೋಲ್‌ಗಿಂತ ಭಾರವಾದ್ದರಿಂದ, ಲೋಟದ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಇನ್ನೊಂದು ಕೆಲಸ ನೋಡಿದವರಿಗೆ ನಗು ಬರುವಂಥದ್ದು. ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಬೆರಳು ತೂರದಷ್ಟು ಸಣ್ಣ ತೂತೊಂದಿದೆ. ಅದಕ್ಕೆ ಕರವಸ್ತ್ರ ಅಡ್ಡ ಇಟ್ಟು ಬಾಯಿಂದ ಗಾಳಿ ಹೀರಬೇಕು. ಹೀರಿದರೆ ಒಳಗಿನಿಂದ ಮೌತ್ ಆರ್ಗನ್ನಿನ ಹಾಗೆ "ಪೀಂ" ಅಂತ ಸದ್ದು ಬರುತ್ತದೆ. ಬಂದರೆ ಸರಿ, ಹೊರಡಬಹುದು. ಈ ಪೀಂ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಬ್ಬರು ಕೂತು ಪೆಟ್ರೋಲ್ ತುಂಬಿಸಿದರೆ ಈ ವಿಮಾನದ ತೂಕ ಸುಮಾರು 1,000 ಕಿಲೋ. ರೆಕ್ಕೆಗಳ ವಿಸ್ತೀರ್ಣ ಸುಮಾರು 16 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರ್ ರೆಕ್ಕೆ ಹೊರಬೇಕಾದದ್ದು 62 ಕಿಲೋ ಮಾತ್ರ, ಒಬ್ಬ ಮನುಷ್ಯನ ತೂಕದಷ್ಟು. ನಮ್ಮ ಸುತ್ತಲಿನ ಗಾಳಿಯಾದರೋ ಪ್ರತಿ ಚದರ ಮೀಟರ್ ಮೇಲೆ ಸುಮಾರು 10 ಟನ್ ಭಾರ ಒತ್ತುತ್ತಿರುತ್ತದೆ, ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುವುದರಿಂದ ನಮಗೆ ಗೊತ್ತಾಗುವುದಿಲ್ಲ. ರೆಕ್ಕೆಯ ಮೇಲೆ ಮತ್ತು ಕೆಳಗೆ ಆ ಒತ್ತಡದಲ್ಲಿ ಶೇಕಡಾ 1ಕ್ಕೂ ಕಡಿಮೆ ವ್ಯತ್ಯಾಸ ಮಾಡಿದರೆ ಸಾಕು, ವಿಮಾನ ಗಾಳಿಯಲ್ಲಿ ನಿಲ್ಲುತ್ತದೆ. ಈ ಲೆಕ್ಕ ಮಾಡಿ ನೋಡಿದ ಮೇಲೆ ತೆಳು ತಗಡಿನ ಭಯ ನನಗೆ ಅರ್ಧ ಇಳಿಯಿತು.

ಆ ವ್ಯತ್ಯಾಸ ಬರುವುದು ಹೇಗೆ? ಎಷ್ಟೋ ಪುಸ್ತಕಗಳಲ್ಲಿ ಒಂದು ಕಥೆ ಇದೆ. ರೆಕ್ಕೆಯ ಬೆನ್ನು ಉಬ್ಬಿರುವುದರಿಂದ ಮೇಲಿನ ಗಾಳಿಗೆ ದೂರ ಜಾಸ್ತಿ, ಕೆಳಗಿನ ಗಾಳಿಯ ಜೊತೆಗೇ ಹಿಂದಿನ ಅಂಚು ಸೇರಬೇಕಾದ್ದರಿಂದ ಅದು ಬೇಗ ಓಡುತ್ತದೆ ಅಂತ. ಜೊತೆಗೇ ಸೇರಬೇಕು ಅಂತ ಗಾಳಿಗೆ ಹೇಳಿದವರು ಯಾರು? ನಿಜವಾಗಿ ಮೇಲಿನ ಗಾಳಿ ಮುಂಚೆಯೇ ತಲುಪಿಬಿಡುತ್ತದೆ. ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಗೊತ್ತಿರುತ್ತದೆ. ಗಂಟು ಸರಿಯಾದ ಜಾಗದಲ್ಲಿ ಬಿದ್ದರೆ ಪಟ ಗಾಳಿಗೆ ಒಂದಿಷ್ಟು ಓರೆಯಾಗಿ ನಿಂತು, ಬರುವ ಗಾಳಿಯನ್ನು ಕೆಳಕ್ಕೆ ತಿರುಗಿಸಿ, ತಾನು ಮೇಲೇರುತ್ತದೆ. ಗಂಟು ತಪ್ಪಿದರೆ ಗಿರಕಿ ಹೊಡೆದು ನೆಲಕ್ಕೆ. ರೆಕ್ಕೆಯದೂ ಅದೇ ಕೆಲಸ. ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಉಬ್ಬಿದ ಬೆನ್ನು ಆ ಕೆಲಸವನ್ನು ಸಲೀಸು ಮಾಡುತ್ತದೆ, ಅಷ್ಟೇ. ಮುಖ್ಯವಾದದ್ದು ಓರೆ, ಅಂದರೆ ರೆಕ್ಕೆಗೂ ಎದುರು ಬರುವ ಗಾಳಿಗೂ ನಡುವಿನ ಕೋನ. ಯೋಕ್ ಎಳೆದಾಗ ನಾವು ಬದಲಿಸುವುದು ಆ ಕೋನವನ್ನು.

ಯೋಕ್ ಎಳೆದರೆ ಮೇಲಕ್ಕೆ, ತಳ್ಳಿದರೆ ಕೆಳಕ್ಕೆ ಅಂತ ನಾನೂ ಅಂದುಕೊಂಡಿದ್ದೆ. ನಾಲ್ಕನೇ ದಿನ ಇನ್‌ಸ್ಟ್ರಕ್ಟರ್ ನಮ್ಮನ್ನು ಚೆನ್ನಾಗಿ ಎತ್ತರಕ್ಕೆ ಕರೆದುಕೊಂಡು ಹೋಗಿ, ಎಂಜಿನ್ ಸದ್ದು ಇಳಿಸಿ, "ಈಗ ಎತ್ತರ ಬಿಟ್ಟುಕೊಡಬೇಡಿ, ಎಳೀತಾ ಇರಿ" ಅಂದರು. ಎಳೆದೆ. ಮೂತಿ ಎದ್ದಿತು. ವೇಗ ಇಳಿಯಿತು, 70 ನಾಟ್, 60, 55. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಗಾಳಿಯ ಭೋರ್ಗರೆತ ಸಣ್ಣದಾಯಿತು. ಯೋಕ್ ನೀರಿನಲ್ಲಿ ಕಲಸಿದ ಹಾಗೆ ಸಡಿಲವಾಯಿತು. ಆಗ ಎಡಗಡೆಯಿಂದ ಕೇಳಿಸಿತು: ಪೀಂ.

ಬೆಳಿಗ್ಗೆ ನಾನು ಬಾಯಿಂದ ಹೀರಿದ್ದ ಅದೇ ತೂತು. ಕೋನ ಕಮ್ಮಿ ಇದ್ದಾಗ ಎದುರಿನ ಗಾಳಿ ನೇರವಾಗಿ ಆ ತೂತಿಗೆ ಒತ್ತುತ್ತಿರುತ್ತದೆ. ಕೋನ ಜಾಸ್ತಿಯಾದಂತೆ ಗಾಳಿ ಒತ್ತುವ ಜಾಗ ರೆಕ್ಕೆಯ ಕೆಳಭಾಗಕ್ಕೆ ಸರಿಯುತ್ತದೆ, ತೂತಿನ ಮುಂದೆ ಒತ್ತಡ ಇಳಿದು ಅಲ್ಲಿಂದ ಗಾಳಿ ಹೊರಕ್ಕೆ ಹೀರಲ್ಪಡುತ್ತದೆ, ದಾರಿಯಲ್ಲಿರುವ ರೀಡ್ ಎಂಬ ತೆಳು ಪಟ್ಟಿ ಅದುರಿ ಕೂಗುತ್ತದೆ. ವಿದ್ಯುತ್ ಬೇಡ, ಬ್ಯಾಟರಿ ಬೇಡ. ಇಡೀ ವಿಮಾನದಲ್ಲಿ ನನಗೆ ತುಂಬಾ ಇಷ್ಟವಾದ ಉಪಕರಣ ಇದೇ.

ನಾನು ಎಳೆಯುತ್ತಲೇ ಇದ್ದೆ. ಪೀಂ ಜೋರಾಯಿತು, ಸೀಟು ನಡುಗಿತು, ಆಮೇಲೆ ಹೊಟ್ಟೆ ಗಂಟಲಿಗೆ ಬಂತು. ಯೋಕ್ ಪೂರ್ತಿ ನನ್ನ ಎದೆಗೆ ತಾಗಿದೆ, ಮೂತಿ ಮಾತ್ರ ಕೆಳಗೆ ಬೀಳುತ್ತಿದೆ. ಇದೇ ಸ್ಟಾಲ್. ಕಾರು ಸ್ಟಾಲ್ ಆಯಿತು ಅಂದರೆ ಎಂಜಿನ್ ಆಫ್ ಆಯಿತು ಅಂತ ಅಲ್ವಾ? ಇಲ್ಲಿ ಹಾಗಲ್ಲ, ಎಂಜಿನ್ ತನ್ನ ಪಾಡಿಗೆ ತಿರುಗುತ್ತಿತ್ತು. ಕೋನ ಸುಮಾರು 15-16 ಡಿಗ್ರಿ ದಾಟಿದರೆ ಗಾಳಿಗೆ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಬಾಗಲು ಆಗುವುದಿಲ್ಲ. ಅದು ಕಿತ್ತುಕೊಂಡು ಸುಳಿಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಮದ್ದು ಒಂದೇ, ಯೋಕನ್ನು ಮುಂದಕ್ಕೆ ಬಿಡುವುದು. ಕಣ್ಣೆದುರು ನೆಲ ತುಂಬಿಕೊಂಡಿರುವಾಗ ನೆಲದ ಕಡೆಗೇ ತಳ್ಳಬೇಕು! ಮೊದಲ ಸಲ ನನ್ನ ಕೈ ಒಪ್ಪಲೇ ಇಲ್ಲ. ಇನ್‌ಸ್ಟ್ರಕ್ಟರ್ ಎರಡು ಬೆರಳಲ್ಲಿ ತಮ್ಮ ಕಡೆಯ ಯೋಕನ್ನು ಮುಂದಕ್ಕೆ ದೂಡಿದರು. ಪೀಂ ನಿಂತಿತು. ವಿಮಾನ ಮತ್ತೆ ಹಾರಿತು. ಅಷ್ಟೇನಾ ಅನಿಸಿತು.

ಇದನ್ನು ಮಾಡಿದ ಎಂಜಿನಿಯರ್‌ಗಳು ನನ್ನಂಥವರು ಬರುತ್ತಾರೆ ಅಂತ ಮುಂಚೆಯೇ ಯೋಚಿಸಿದ್ದರು. 172ರ ರೆಕ್ಕೆ ಬುಡದಿಂದ ತುದಿಗೆ ಹೋಗುತ್ತಾ ಸುಮಾರು 3 ಡಿಗ್ರಿ ತಿರುಚಿಕೊಂಡಿದೆ. ತುದಿಯ ಕೋನ ಬುಡಕ್ಕಿಂತ ಕಮ್ಮಿ. ಹಾಗಾಗಿ ಮೊದಲು ಸೋಲುವುದು ಬುಡ, ಏಲೆರಾನ್ ಇರುವ ತುದಿಯ ಕಡೆ ಇನ್ನೂ ಸ್ವಲ್ಪ ಹೊತ್ತು ಹಾರುತ್ತಿರುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ಕೋನ ಅಳೆಯುವುದು ಗಾಳಿಯ ದಿಕ್ಕಿಗೆ, ನೆಲಕ್ಕಲ್ಲ. ಮೂತಿ ಎತ್ತರದಲ್ಲಿದ್ದರೆ ಮಾತ್ರ ಸ್ಟಾಲ್ ಅಂದುಕೊಳ್ಳುವುದು ತಪ್ಪು, ನಿಧಾನವಾಗಿದ್ದರೆ ಮಾತ್ರ ಅನ್ನುವುದೂ ತಪ್ಪು. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗುವಾಗ ರೆಕ್ಕೆ ಎರಡು ಪಟ್ಟು ತೂಕ ಹೊರಬೇಕಾಗುತ್ತದೆ, ಸ್ಟಾಲ್ ಆಗುವ ವೇಗ ಶೇಕಡಾ 41ರಷ್ಟು ಏರುತ್ತದೆ. 48 ನಾಟ್‌ನಲ್ಲಿ ಸೋಲುತ್ತಿದ್ದ ರೆಕ್ಕೆ 68ರಲ್ಲೇ ಸೋಲುತ್ತದೆ. ಇಳಿಯಲು ಬರುವ ವೇಗವೇ ಸುಮಾರು 65 ನಾಟ್. ನೆಲದ ಹತ್ತಿರ ಗಕ್ಕನೆ ತಿರುಗಿಸಬೇಡಿ ಅಂತ ಯಾಕೆ ಬೈಯುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

ತಿರುಗಿಸುವುದರಲ್ಲಿ ಇನ್ನೂ ಒಂದು ತಮಾಷೆ ಇದೆ. ಬಲಕ್ಕೆ ವಾಲಿಸಿದರೆ ಮೂತಿ ಮೊದಲು ಎಡಕ್ಕೆ ಹೋಗುತ್ತದೆ. ಮೇಲೇರುವ ಎಡ ರೆಕ್ಕೆ ಜಾಸ್ತಿ ಎತ್ತುವ ಬಲ ಹುಟ್ಟಿಸುತ್ತದೆ, ಅದರ ಜೊತೆಗೇ ಗಾಳಿಯ ಎಳೆತವನ್ನೂ ಜಾಸ್ತಿ ಮಾಡಿಕೊಂಡು ಹಿಂದಕ್ಕೆ ಜಗ್ಗುತ್ತದೆ. ಪೆಡಲ್ ತುಳಿದಾಗ ಬಾಲದಲ್ಲಿ ಅತ್ತಿತ್ತ ತಿರುಗುವ ರಡರ್ ಎಂಬ ಪಟ್ಟಿಯಿಂದ ಅದನ್ನು ಸರಿಮಾಡಬೇಕು. ರೈಟ್ ಸಹೋದರರನ್ನೂ ಇದೇ ಕಾಡಿದ್ದು. 1902ರ ಅವರ ಗ್ಲೈಡರ್ ವಾಲಿದ ರೆಕ್ಕೆಯ ಸುತ್ತಲೇ ತಿರುಗಿ ಮರಳಿಗೆ ಕುಕ್ಕುತ್ತಿತ್ತು. ಅವರು ಅದನ್ನು ಬಾವಿ ತೋಡುವುದು ಅಂತ ಕರೆದರು. ಹಿಂದೆ ಗಟ್ಟಿಯಾಗಿ ಕೂರಿಸಿದ್ದ ಬಾಲವನ್ನು ತೆಗೆದು ಅಲುಗಾಡುವ ರಡರ್ ಹಾಕಿದ ಮೇಲೆ ಹತೋಟಿಗೆ ಬಂತು. ಎಂಜಿನ್ ಇಟ್ಟು 12 ಸೆಕೆಂಡ್ ಹಾರಿದ್ದು ಅದರ ಮುಂದಿನ ವರ್ಷದ ಡಿಸೆಂಬರ್‌ನಲ್ಲಿ. ನನಗೆ ಅವರ ಎಂಜಿನ್‌ಗಿಂತ ಈ ರಡರ್ ದೊಡ್ಡದು ಅನಿಸುತ್ತದೆ. ಬಹುಶಃ ಇನ್‌ಸ್ಟ್ರಕ್ಟರ್ ಬಾಯಲ್ಲಿ "ಕಾಲು! ಕಾಲು!" ಅಂತ ಕೇಳಿ ಕೇಳಿ ಹಾಗಾಗಿರಬೇಕು.

ಒಂದು ದಿನ ಇನ್‌ಸ್ಟ್ರಕ್ಟರ್ ಕಣ್ಣು ಮುಚ್ಚಲು ಹೇಳಿದರು. ಅರ್ಧ ನಿಮಿಷ ಬಿಟ್ಟು, "ಈಗ ಹೇಗೆ ಹೋಗ್ತಿದೀವಿ?" "ನೆಟ್ಟಗೆ, ಸರ್." ಕಣ್ಣು ಬಿಟ್ಟರೆ ಬಲಕ್ಕೆ ಚೆನ್ನಾಗಿ ವಾಲಿಕೊಂಡು ಸುತ್ತುತ್ತಿದ್ದೇವೆ. ನಮ್ಮ ಒಳಗಿವಿಯಲ್ಲಿ ಅರ್ಧ ಬಳೆಯಂಥ ಮೂರು ಕೊಳವೆಗಳಿವೆ, ಒಳಗೆ ದ್ರವ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದಲೇ ತಿರುಗಿದ್ದು ಗೊತ್ತಾಗುವುದು. ಒಂದೇ ಸಮನೆ ತಿರುಗುತ್ತಿದ್ದರೆ ಸುಮಾರು 20 ಸೆಕೆಂಡಿನೊಳಗೆ ದ್ರವವೂ ಜೊತೆಗೆ ಓಡಲು ಶುರುಮಾಡುತ್ತದೆ, ಕಿವಿ ಸುಮ್ಮನಾಗುತ್ತದೆ. ಸೀಟಿನಿಂದಲೂ ಗೊತ್ತಾಗುವುದಿಲ್ಲ, ಸರಿಯಾಗಿ ತಿರುಗುವಾಗ ಭಾರ ನೇರ ಸೀಟಿಗೇ ಒತ್ತುತ್ತದೆ. ಪಕ್ಕದಲ್ಲಿದ್ದ ಬಾಟಲಿಯ ನೀರು ಕೂಡ ವಿಮಾನದ ನೆಲಕ್ಕೆ ಸಮನಾಗಿ ನಿಂತಿತ್ತು. ಮೋಡದೊಳಗೆ ಸಿಕ್ಕಿಬಿದ್ದವರು ಮೀಟರ್‌ಗಳನ್ನು ಬಿಟ್ಟು ದೇಹವನ್ನು ನಂಬಿದರೆ ಏನಾಗಬಹುದು ಅಂತ ಆ ಬಾಟಲಿ ನೋಡಿಯೇ ನನಗೆ ಅರ್ಥವಾಗಿದ್ದು.

ಇನ್ನು ಇಳಿಯುವುದು. ರನ್‌ವೇ ಮುಂದೆ ಕಾಣುತ್ತಿದೆ, ಆದರೆ ನಾವು ಅದಕ್ಕಿಂತ ಮುಂಚೆಯೇ ನೆಲ ಮುಟ್ಟುತ್ತೇವೇನೋ ಅನಿಸುತ್ತಿದೆ. ಕೈ ಏನು ಮಾಡುತ್ತದೆ? ಎಳೆಯುತ್ತದೆ. ಒಂದು ಕ್ಷಣ ಸರಿಹೋಯಿತು ಅನಿಸುತ್ತದೆ. ಆಮೇಲೆ ವೇಗ ಕುಸಿದು, ಜಾಸ್ತಿ ಕೋನದಲ್ಲಿ ಗಾಳಿಯ ಎಳೆತ ಏರಿ, ಮೊದಲಿಗಿಂತ ಬೇಗ ಇಳಿಯತೊಡಗುತ್ತೇವೆ. ಇನ್ನಷ್ಟು ಎಳೆದರೆ ಇನ್ನಷ್ಟು ಇಳಿತ. ಎತ್ತರ ಬೇಕಿದ್ದರೆ ಥ್ರಾಟಲ್ ಕೊಡಬೇಕು, ಅಂದರೆ ಎಂಜಿನ್ ಶಕ್ತಿ ಏರಿಸಬೇಕು, ವೇಗವನ್ನು ಮೂತಿಯಿಂದ ನೋಡಿಕೊಳ್ಳಬೇಕು. ಮಧ್ಯಾಹ್ನವಾದರೆ ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿ ಒಂದು ಕಡೆ ಎತ್ತುತ್ತದೆ, ನೀರಿನ ಮೇಲೆ ಬಂದರೆ ಇಳಿಸುತ್ತದೆ. ಹೊಸಬರಿಗೆ ಬೆಳಗಿನ ಹೊತ್ತೇ ಕೊಡುವುದು ಅದಕ್ಕೇ.

ಕೊನೆಯ ಕೆಲವು ಅಡಿಗಳಲ್ಲಿ ವಿಮಾನ ಇಳಿಯಲು ಒಪ್ಪುವುದಿಲ್ಲ. ರೆಕ್ಕೆಯ ತುದಿಯಲ್ಲಿ ಏಳುವ ಸುಳಿಗಳಿಗೆ ನೆಲ ಅಡ್ಡ ಬರುತ್ತದೆ, ಎಳೆತ ಕಮ್ಮಿಯಾಗುತ್ತದೆ, ವಿಮಾನ ಮೆತ್ತೆಯ ಮೇಲೆ ಕೂತ ಹಾಗೆ ತೇಲುತ್ತಲೇ ಹೋಗುತ್ತದೆ. ಐದು ನಾಟ್ ಜಾಸ್ತಿ ತಂದಿದ್ದರೆ ಇನ್ನೂ ದೂರ. ನಾನು ನೆಲವನ್ನೇ ನೋಡುತ್ತಾ ಒತ್ತಿ ಇಳಿಸಲು ಹೋಗಿ ಚೆಂಡಿನ ಹಾಗೆ ಪುಟಿಸಿದ್ದು ಎಷ್ಟು ಸಲವೋ. ಸರಿಯಾದ ದಾರಿ ಎಂದರೆ ಕಣ್ಣನ್ನು ರನ್‌ವೇಯ ಆ ತುದಿಗೆ ಕಳಿಸಿ, ನೆಲ ಮುಟ್ಟಿಸದಿರಲು ಪ್ರಯತ್ನಿಸುತ್ತಾ ನಿಧಾನವಾಗಿ ಎಳೆಯುತ್ತಾ ಹೋಗುವುದು. ರೆಕ್ಕೆಗೆ ಸಾಕಾದಾಗ ಅದೇ ಕೂರುತ್ತದೆ. ಕೂರುವ ಮುಂಚೆ ಪೀಂ ಅನ್ನಬೇಕು. ಮೇಲೆ ಕೇಳಿದರೆ ಬೆವರು ತರಿಸುವ ಸದ್ದು, ನೆಲದಿಂದ ಒಂದಡಿ ಮೇಲೆ ಕೇಳಿದರೆ ಖುಷಿ.

ಒಂದು ಬೆಳಿಗ್ಗೆ ಮೂರು ಸಲ ಇಳಿಸಿದ ಮೇಲೆ ಇನ್‌ಸ್ಟ್ರಕ್ಟರ್ ಬೆಲ್ಟ್ ಬಿಚ್ಚಿ, "ನೀವೊಬ್ಬರೇ ಒಂದು ಸುತ್ತು ಹಾಕಿ ಬನ್ನಿ" ಅಂತ ಇಳಿದುಬಿಟ್ಟರು. ಒಬ್ಬರ ಭಾರ ಕಮ್ಮಿಯಾದ ವಿಮಾನ ನನ್ನ ಲೆಕ್ಕಕ್ಕಿಂತ ಮುಂಚೆ ನೆಲ ಬಿಟ್ಟಿತು, ತಿರುಗಬೇಕಾದ ಜಾಗ ಬರುವ ಮೊದಲೇ ಬೇಕಾದ ಎತ್ತರ ಸೇರಿತು. ಖಾಲಿ ಸೀಟಿನ ಕಡೆ ನೋಡಿ "ಕಾಲು! ಕಾಲು!" ಅಂತ ನಾನೇ ಕೂಗಿಕೊಂಡೆ. ಇಳಿಯುವಾಗ ತುಂಬಾ ಹೊತ್ತು ತೇಲಿತು. ಪೀಂ ಕೇಳಿಸಿತು, ಚಕ್ರ ತಾಗಿತು, ಮತ್ತೆ ಎದ್ದಿತು, ಮತ್ತೆ ತಾಗಿತು.

ಲಾಗ್‌ಬುಕ್‌ನಲ್ಲಿ ಆ ದಿನದ ಸಾಲಿನಲ್ಲಿ 0.2 ಗಂಟೆ ಅಂತ ಇದೆ. ಲ್ಯಾಂಡಿಂಗ್ ಎಷ್ಟು ಅನ್ನುವ ಜಾಗದಲ್ಲಿ 1. ನ್ಯಾಯವಾಗಿ 2 ಅಂತ ಬರೆಯಬೇಕಿತ್ತು.